ಯಾರನ್ನ ಕರೀತಿದೀಯ?

ಮೆಜೆಸ್ಟಿಕ್ಕಿನಿಂದ ಹೊರಟ ಮೆಟ್ರೊ ಸಿಟಿ ರೈಲ್ವೆ ಸ್ಟೇಷನ್ ದಾಟುತ್ತಲೇ ನೆಲದೊಳಗಿಂದ ಮೇಲಕ್ಕೆ ಏರುತ್ತದೆ. ಕಿಟಕಿಯ ತುಂಬ ಇದ್ದ ಕತ್ತಲು ಸರಿದು ಸಂಜೆ ಐದೂವರೆಯ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಮಾಗಡಿ ರೋಡ್ ಬಂತು, ಇಳಿಯಿರಿ. ಮೆಟ್ಟಿಲಿಳಿದು ರಸ್ತೆಗೆ ಬಂದರೆ ಬಸ್ಸು, ಆಟೋ, ಹಾರನ್ನು, ಕಡಲೆಕಾಯಿ ಹುರಿಯುವ ವಾಸನೆ. ಒಂದು ಕ್ಷಣ ನಿಲ್ಲಿ. ಆ ಎತ್ತರದ ಅಪಾರ್ಟ್‌ಮೆಂಟುಗಳು ಕಾಣುತ್ತಿವೆಯಲ್ಲ, ಅಲ್ಲೇ ಬಿನ್ನಿ ಮಿಲ್ಲು ಇದ್ದದ್ದು. 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂದು ಶುರುವಾಗಿ, 1886ರಲ್ಲಿ ಮದರಾಸಿನ ಬಿನ್ನಿ ಕಂಪನಿಯ ಕೈಗೆ ಹೋಯಿತು. ಅಷ್ಟುದ್ದದ ಹೆಸರನ್ನು ಯಾರೂ ಕರೆಯಲಿಲ್ಲ. ಮಿಲ್ಲು ಬಿನ್ನಿ ಮಿಲ್ಲಾಯಿತು, ಸುತ್ತಲಿನ ಬೀದಿಗಳು ಬಿನ್ನಿಪೇಟೆಯಾದವು. ಮಿಲ್ಲು ಹೋಗಿದೆ, ಪೇಟೆ ಇದೆ.

ಒಳಗಿನ ಬೀದಿಗೆ ತಿರುಗಿ. ಸೊಪ್ಪಿನ ಗಾಡಿಯ ಮುಂದೆ ಇಬ್ಬರು ನಿಂತಿದ್ದಾರೆ. ಸ್ವಲ್ಪ ಕಿವಿಗೊಡಿ.

"ಮೆಂತ್ಯ ಹೇಗೆ?"

"ಇಪ್ಪತ್ತು ರೂಪಾಯಿ ಕಟ್ಟು."

"ಹದಿನೈದಕ್ಕೆ ಕೊಡ್ತೀರಾ?"

"ಗಿಟ್ಟಲ್ಲ ಅಕ್ಕ. ಎರಡು ತಗೊಂಡ್ರೆ ಮೂವತ್ತೈದಕ್ಕೆ ಕೊಡ್ತೀನಿ."

"ಹಾಕಿ."

ಐದು ಮಾತಿನಲ್ಲಿ ವ್ಯಾಪಾರ ಮುಗಿಯಿತು. ಪಕ್ಕದ ಮನೆಯ ಮೆಟ್ಟಿಲ ಮೇಲಿಂದ ಒಬ್ಬಾಕೆ ತಮಿಳಿನಲ್ಲಿ "ವರೇನ್ ಮ್ಮಾ" ಎನ್ನುತ್ತ ಇಳಿದು ಹೋಗುತ್ತಾರೆ. ಮುಂದಿನ ತಿರುವಿನಲ್ಲಿ ತೆಲುಗು, ಅದರಾಚೆ ಉರ್ದು. ಮಿಲ್ಲಿನ ಕೆಲಸ ಹುಡುಕಿಕೊಂಡು ಬಂದವರು ತಂದ ಭಾಷೆಗಳೆಲ್ಲ ಇಲ್ಲಿ ಗೋಡೆಗೆ ಗೋಡೆ ಹಂಚಿಕೊಂಡು ಬಾಳಿವೆ. ದೂರದಲ್ಲಿ ಮೈಸೂರು ಲೈನಿನ ರೈಲು ಕೂಗುತ್ತದೆ. ಹಸಿರು ಗೇಟಿನ ಮನೆ, ಎರಡನೇ ಮಹಡಿ. ಮೆಟ್ಟಿಲು ಕಡಿದಾಗಿವೆ, ನಿಧಾನವಾಗಿ ಹತ್ತಿ. ಚಪ್ಪಲಿ ಇಲ್ಲೇ ಬಿಡಿ.

"ಬನ್ನಿ ಬನ್ನಿ. ಬಸ್ಸಲ್ಲಿ ಬಂದ್ರಾ, ಮೆಟ್ರೋಲಿ ಬಂದ್ರಾ? ಕೂತ್ಕೊಳ್ಳಿ. ಕಾಫಿ ಕುಡೀತೀರ ತಾನೇ?" ಎನ್ನುತ್ತ ಅಜ್ಜಿ ಒಳಗೆ ಹೋಗುತ್ತಾರೆ.

ಈಗ ಒಂದು ಮಾತು. ಮೆಟ್ರೊ ಇಳಿದಾಗಿನಿಂದ ಈ ಕುರ್ಚಿಯಲ್ಲಿ ಕೂರುವವರೆಗೆ 'ನೀವು' ಎಂಬ ಪದ ಒಂದು ಸಲವೂ ಬಂದಿಲ್ಲ. ಇಳಿದವರು ಯಾರು, ಹತ್ತಿದವರು ಯಾರು, ಅಜ್ಜಿ ಕಾಫಿ ಕೇಳಿದ್ದು ಯಾರಿಗೆ ಎಂಬ ಅನುಮಾನವೂ ಬಂದಿರಲಿಕ್ಕಿಲ್ಲ. ಸೊಪ್ಪಿನವನು 'ನಾನು' ಎನ್ನಲಿಲ್ಲ, ಕೊಂಡಾಕೆ 'ನೀವು' ಎನ್ನಲಿಲ್ಲ. ಕೊಡ್ತೀರಾ, ಕೊಡ್ತೀನಿ. ಅಷ್ಟು ಸಾಕಾಯಿತು. ತಮಿಳಿನ 'ವರೇನ್' ಕೂಡ ಹಾಗೇ, ಬರುವವಳು 'ನಾನು' ಎಂಬುದು ಆ ಪದದ ತುದಿಯಲ್ಲೇ ಇದೆ. ಇಲ್ಲಿಗೆ ಕರೆತಂದದ್ದು ಇದೇ ವಿಷಯಕ್ಕೆ. ಅದನ್ನು ಎತ್ತಿದ್ದು ಕನ್ನಡದ ಪಾಠವಲ್ಲ, ಸ್ಪ್ಯಾನಿಷ್ ಪಾಠ.

ಕಿಟಕಿಯ ಪಕ್ಕ ಮಡಚುವ ಮೇಜಿನ ಮುಂದೆ ಕೂತಿದ್ದಾಳಲ್ಲ, ಅವಳು ಮೊಮ್ಮಗಳು. ಮೆಕ್ಸಿಕೊ, ಕೊಲಂಬಿಯಾ ಕಡೆಯ ಗ್ರಾಹಕರ ಜೊತೆ ಮಾತಾಡುವ ಕೆಲಸ ಸಿಗಬಹುದೆಂದು ಆರು ತಿಂಗಳಿಂದ ಆನ್‌ಲೈನಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ದಿನಚರಿಯ ಬಗ್ಗೆ ಹತ್ತು ವಾಕ್ಯ ಬರೆದು ಕಳಿಸಿದ್ದಳು. ತಿದ್ದಿದ ಹಾಳೆ ಇವತ್ತು ಬಂದಿದೆ. ಹಾಳೆಯ ಮೇಲೆ ಬಗ್ಗಿ ನೋಡಿ. ಹತ್ತು ವಾಕ್ಯದಲ್ಲೂ 'ಯೊ' ಇದೆ. ಯೊ ಮೆ ಲೆಬಾಂತೊ, ನಾನು ಏಳುತ್ತೇನೆ. ಯೊ ದೆಸಾಯುನೊ, ನಾನು ತಿಂಡಿ ತಿನ್ನುತ್ತೇನೆ. ಯೊ ಬೊಯ್, ನಾನು ಹೋಗುತ್ತೇನೆ. ಒಂಬತ್ತು 'ಯೊ'ಗಳ ಮೇಲೆ ಕೆಂಪು ಗೀಟು ಬಿದ್ದಿದೆ. ವ್ಯಾಕರಣ ತಪ್ಪಿಲ್ಲ, ಆದರೆ ಹೀಗೆ ಯಾರೂ ಮಾತಾಡುವುದಿಲ್ಲ ಎಂದು ಮೇಷ್ಟ್ರು ಕೆಳಗೆ ಬರೆದಿದ್ದಾರೆ.

ಅವಳು ಹಾಳೆಯನ್ನು ಮತ್ತೊಮ್ಮೆ ಜೋರಾಗಿ ಓದುತ್ತಾಳೆ. ಯೊ, ಯೊ, ಯೊ. ಒಳಗಿನಿಂದ ಅಜ್ಜಿಯ ದನಿ:

"ಏನೇ ಅದು, ಆವಾಗಿಂದ ಯೋ ಯೋ ಅಂತ! ಯಾರನ್ನ ಕರೀತಿದೀಯ?"

ಬೆಂಗಳೂರಿನ ಬೀದಿಯಲ್ಲಿ 'ಯೋ' ಎಂದರೆ ಎದುರಿನವನನ್ನು ಗದರಿಸಿ ಕರೆಯುವುದು. ಸ್ಪೇನಿನಲ್ಲಿ ಅದು 'ನಾನು'. ಮೊಮ್ಮಗಳು ನಕ್ಕು, "ನಾನು ಅಂತ ಅಜ್ಜಿ" ಎನ್ನುತ್ತಾಳೆ.

"ನಾನು ಅಂತ ಅಷ್ಟು ಸಲ ಯಾಕೆ ಹೇಳ್ಬೇಕು? ನೀನೇ ಅಂತ ಗೊತ್ತಾಗಲ್ವಾ?"

ಗೀಟು ಹೊಡೆದ ಮೇಷ್ಟ್ರು ಹೇಳಬೇಕೆಂದಿದ್ದದ್ದು ಇಷ್ಟೇ. ಸ್ಪ್ಯಾನಿಷ್ ಕ್ರಿಯಾಪದಕ್ಕೆ ಕನ್ನಡದ ಹಾಗೇ ಬಾಲ ಇದೆ. ಆಬ್ಲೊ ಎಂದರೆ ಮಾತಾಡ್ತೀನಿ, ಆಬ್ಲಾಸ್ ಮಾತಾಡ್ತೀಯ, ಆಬ್ಲಾಮೊಸ್ ಮಾತಾಡ್ತೀವಿ. ಶಾಲೆಯಲ್ಲಿ ಆಖ್ಯಾತ ಪ್ರತ್ಯಯ ಎಂದು ಉರುಹೊಡೆದದ್ದು ಇದನ್ನೇ. ಇಂಗ್ಲಿಷಿನ ಕ್ರಿಯಾಪದದ ಬಾಲ ಬಹುಮಟ್ಟಿಗೆ ಸವೆದುಹೋಗಿರುವುದರಿಂದ ಅಲ್ಲಿ 'ಐ' ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ಈ ಹುಡುಗಿ ಮಾಡಿದ ತಪ್ಪೆಂದರೆ ಬೆಂಗಳೂರಿನಿಂದ ಮ್ಯಾಡ್ರಿಡ್‌ಗೆ ಲಂಡನ್ ಮೇಲೆ ಹೋದದ್ದು. ಮನೆಯಿಂದ ನೇರ ಹೋಗಿದ್ದರೆ ದಾರಿ ಹತ್ತಿರವಿತ್ತು.

ಅಜ್ಜಿ ಕಾಫಿ ತಂದಿದ್ದಾರೆ. ಲೋಟ ಸುಡುತ್ತದೆ, ಅಂಚು ಹಿಡಿದುಕೊಳ್ಳಿ. ಇವತ್ತು ಬೆಳಿಗ್ಗೆ ಏನೇನು ಮಾಡಿದ್ರಿ ಎಂದು ಅವರನ್ನೇ ಕೇಳೋಣ. ಹುಡುಗಿ ಬರೆದದ್ದೂ ಇದೇ ವಿಷಯ ತಾನೇ.

"ಏನ್ ಮಾಡೋದು, ದಿನಾ ಇದ್ದಿದ್ದೇ. ಐದಕ್ಕೆ ಎದ್ದೆ. ಹಾಲು ತಂದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಕಾವೇರಿ ನೀರು ಬಂತು, ಹಿಡಿದಿಟ್ಟೆ. ಇವಳನ್ನ ಎಬ್ಬಿಸಿದೆ. ಏಳ್ಲಿಲ್ಲ."

ಎದ್ದೆ, ತಂದೆ, ಬಿಟ್ಟೆ, ಹಿಡಿದಿಟ್ಟೆ, ಎಬ್ಬಿಸಿದೆ. ಐದು ಕೆಲಸ, 'ನಾನು' ಒಂದೂ ಇಲ್ಲ. ನಡುವೆ ನೀರು ಬಂತು. 'ಬಂತು' ಎಂದಾಗ ಕರ್ತೃ ನೀರು, 'ಹಿಡಿದಿಟ್ಟೆ' ಎಂದಾಗ ಮತ್ತೆ ಅಜ್ಜಿ. ಎರಡಕ್ಷರದಲ್ಲಿ ಅತ್ತ ಹೋಗಿ ಇತ್ತ ಬಂದರು. 'ನೀರು ಹಾಕಿ' ಎಂಬಲ್ಲಿ ಬಾಲವೇ ಇಲ್ಲ, ಅದು ಮುಂದಿನ 'ಬಿಟ್ಟೆ'ಯ ಬಾಲವನ್ನು ಹಿಡಿದುಕೊಂಡು ನಡೆಯುತ್ತದೆ. ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಾಗಿಲು ಹಾಕಿಕೊಂಡು ಹೊರಟೆ ಎನ್ನುವಾಗ ನಾಲ್ಕು ಕೆಲಸ ಐದನೆಯದರ ಬೆನ್ನಿಗೆ ಬೀಳುತ್ತವೆ. ಈ ಅನುಕೂಲ ಸ್ಪ್ಯಾನಿಷ್‌ಗೆ ಕನ್ನಡದಷ್ಟು ಇಲ್ಲ.

ಕೊನೆಯ ಮಾತನ್ನು ಗಮನಿಸಿದಿರಾ? ಏಳ್ಲಿಲ್ಲ. ಯಾರು ಏಳಲಿಲ್ಲ? ನಾನೂ ಏಳಲಿಲ್ಲ, ನೀನೂ ಏಳಲಿಲ್ಲ, ಅವಳೂ ಏಳಲಿಲ್ಲ. ಎಲ್ಲಕ್ಕೂ ಒಂದೇ ರೂಪ. ಇಲ್ಲ ಎಂದ ಕೂಡಲೇ ಕನ್ನಡದ ಕ್ರಿಯಾಪದ ಬಾಲ ಕಳೆದುಕೊಳ್ಳುತ್ತದೆ. ಹಿಂದಿನ ವಾಕ್ಯದಲ್ಲಿ 'ಇವಳನ್ನ' ಎಂದಿದ್ದರಿಂದ ಗೊತ್ತಾಯಿತು, ಅಷ್ಟೇ. ಹಳಬರು ಇಲ್ಲಿಯೂ ಬಾಲ ಉಳಿಸಿಕೊಂಡಿದ್ದರು: ಮಾಡೆನು, ಮಾಡಳು, ಮಾಡರು. ನಿಷೇಧಾರ್ಥಕ ರೂಪವೆಂದು ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದು ಮರೆತದ್ದು. ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಊಟಕ್ಕೆ ಕರೆದರೆ "ಒಲ್ಲೆ" ಎಂಬ ಉತ್ತರ ಬರುತ್ತದೆ. ಬೇಡ ಎನ್ನುವುದೂ ಅದೇ, ಬೇಡ ಎನ್ನುತ್ತಿರುವುದು ನಾನು ಎನ್ನುವುದೂ ಅದೇ, ಎರಡಕ್ಷರದಲ್ಲಿ. ಆ ರೂಪಗಳು ಬೆಂಗಳೂರಿನ ಬಾಯಿಂದ ಹೋದದ್ದು ನಷ್ಟ ಎಂದೇ ಅನ್ನಿಸುತ್ತದೆ.

ಮೇಜಿನ ಮೇಲಿದ್ದ ಮೊಬೈಲು ಗುಂಯ್ ಎಂದಿತು. ಯಾವುದೋ ಆ್ಯಪಿನ ಸಂದೇಶ, ಕನ್ನಡದಲ್ಲೇ ಇದೆ: ನೀವು ನಿಮ್ಮ ಪಾಸ್‌ವರ್ಡ್ ಅನ್ನು ಮರೆತಿದ್ದೀರಾ? ಸೊಪ್ಪಿನವನಿಗೆ ಈ ವಾಕ್ಯ ಒಪ್ಪಿಸಿದರೆ 'ಪಾಸ್‌ವರ್ಡ್ ಮರೆತ್ರಾ?' ಎಂದು ಎರಡು ಪದಕ್ಕೆ ಇಳಿಸಿ ಕೊಡುತ್ತಾನೆ. ಮರೆಯುವುದು ಇನ್ಯಾರ ಪಾಸ್‌ವರ್ಡನ್ನು? ಮಕ್ಕಳು ದಿನಕ್ಕೆ ನೂರು ಸಲ ಓದುವ ಕನ್ನಡ ಇಂಥದು. ಇದೇ ಸರಿಯಾದ ಕನ್ನಡವೆಂದು ನಂಬಿ, ನಾನು ಎದ್ದೆ, ನಾನು ಹಲ್ಲುಜ್ಜಿದೆ, ನಾನು ತಿಂಡಿ ತಿಂದೆ ಎಂದು ಪ್ರಬಂಧ ಬರೆಯುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಈ ಒಂದು 'ನಾನು' ಬರೆಯಲೇಬೇಕಾಯಿತು, 'ಒಪ್ಪುವುದಿಲ್ಲ'ಕ್ಕೆ ಬಾಲವಿಲ್ಲ.

ಬಾಗಿಲಲ್ಲಿ ನೀರಿನ ಕ್ಯಾನು ಹೊತ್ತ ಹುಡುಗ. ಹೊಸಬ. ಇಪ್ಪತ್ತೋ ಇಪ್ಪತ್ತೈದೋ, ಮೀಸೆ ಇದೆ. ಅಜ್ಜಿ ಅರೆಕ್ಷಣ ತಡೆಯುತ್ತಾರೆ. ಮೊಮ್ಮಗನ ವಯಸ್ಸಿನವನಿಗೆ 'ನೀವು' ಎನ್ನಲು ನಾಲಿಗೆ ಬಾರದು, ಗುರುತಿಲ್ಲದವನಿಗೆ 'ನೀನು' ಎನ್ನಲು ಮನಸ್ಸು ಬಾರದು. 'ಇಡು' ಎಂದರೂ ಸಿಕ್ಕಿಬೀಳುತ್ತಾರೆ, 'ಇಡಿ' ಎಂದರೂ ಸಿಕ್ಕಿಬೀಳುತ್ತಾರೆ. "ಒಳಗಡೆ ಇಟ್ಬಿಡೋದಪ್ಪಾ, ಎಷ್ಟಾಯ್ತು? ಕಾಫಿ ಆಯ್ತಾ?" ಎಂದರು. ಇಡೋದು, ಆಯ್ತು, ಆಯ್ತಾ. ಯಾವುದರಲ್ಲೂ ನೀನೂ ಇಲ್ಲ, ನೀವೂ ಇಲ್ಲ. 'ಕಾಫಿ ಆಯ್ತಾ'ದಲ್ಲಿ ಕರ್ತೃ ಕಾಫಿ. ನಾಡಿನ ಉದ್ದಗಲಕ್ಕೂ ಕುಶಲ ಕೇಳುವ 'ಊಟ ಆಯ್ತಾ' ಎಂಬ ಮಾತಿಗೆ ಇಷ್ಟು ಬಳಕೆ ಬರಲು ಈ ಸೌಕರ್ಯವೂ ಕಾರಣವಿರಬೇಕು. ಸ್ಪ್ಯಾನಿಷ್‌ನ ಗೌರವದ 'ಉಸ್ತೆದ್' ಹುಟ್ಟಿದ್ದೂ ಇಂಥ ಸಂಕೋಚದಲ್ಲೇ. ಮೂಲದಲ್ಲಿ ಅದು 'ತಮ್ಮ ಕೃಪೆ' ಎಂಬಂಥ ಬಿರುದು, ಹಾಗಾಗಿ ಕ್ರಿಯಾಪದ ಪ್ರಥಮ ಪುರುಷದಲ್ಲಿ ಬರುತ್ತದೆ. ಹಳೇ ಕಾಲದ ಬಟ್ಟೆ ಅಂಗಡಿಯಲ್ಲಿ ನಮ್ಮ ಮುಖ ನೋಡಿಕೊಂಡೇ "ಯಜಮಾನ್ರು ಏನ್ ನೋಡ್ತಾರೆ?" ಎಂದು ಕೇಳುತ್ತಿದ್ದರಲ್ಲ, ಹಾಗೆ. ಅವನು, ಅವಳು, ತಾವು ಮೂವರಿಗೂ 'ಆಬ್ಲಾ' ಒಂದೇ ಆದ್ದರಿಂದ ಅಲ್ಲಿಯವರು 'ಉಸ್ತೆದ್' ಎಂಬುದನ್ನು ಬಾಯಿಬಿಟ್ಟು ಹೇಳುವುದು ಹೆಚ್ಚು.

ಗೀಟು ಬೀಳದೆ ಉಳಿದ ಆ ಹತ್ತನೆಯ ವಾಕ್ಯ ಯಾವುದು? ಮಿ ಎರ್ಮಾನೊ ತೋಮಾ ತೆ, ಯೊ ತೋಮೊ ಕಫೆ. ತಮ್ಮ ಟೀ ಕುಡೀತಾನೆ, ನಾನು ಕಾಫಿ ಕುಡೀತೀನಿ. ಇಲ್ಲಿ 'ನಾನು' ತೆಗೆದು ನೋಡಿ: ತಮ್ಮ ಟೀ ಕುಡೀತಾನೆ, ಕಾಫಿ ಕುಡೀತೀನಿ. ಅರ್ಥವಾಗುತ್ತದೆ, ಆದರೆ ವಾಕ್ಯ ಕುಂಟುತ್ತದೆ. ಅವನು ಅತ್ತ, ನಾನು ಇತ್ತ ಎಂದು ಎದುರುಬದುರು ನಿಲ್ಲಿಸುವಾಗ ಸರ್ವನಾಮ ಬೇಕು. ಹೊರಡುವಾಗ 'ಬರ್ತೀನಿ' ಎಂದರೆ ಸುಮ್ಮನೆ ಬೀಳ್ಕೊಳ್ಳುವುದು. 'ನಾನು ಬರ್ತೀನಿ' ಎಂದರೆ ಉಳಿದವರು ಕೂತಿರಲಿ, ನನ್ನದು ಮುಗಿಯಿತು ಎಂದಂತೆ. ಅದನ್ನು ಕೇಳಿದ ಮನೆಯವರು ಮುಖ ನೋಡುತ್ತಾರೆ, ಏನಾದರೂ ಬೇಜಾರಾಯಿತೇ ಎಂದು.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಸರ್ವನಾಮಗಳ ಬಗ್ಗೆಯೇ ಒಂದು ಇಂಗ್ಲಿಷ್ ಪುಸ್ತಕ ಬರೆದಿದ್ದಾರೆ, 2004ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. ನಾನು-ನೀನು ಒಂದು ಜಾತಿ, ಅವನು-ಅವಳು ಇನ್ನೊಂದು ಜಾತಿ ಎಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ನಾನು-ನೀನು ಮಾತಿನ ಎರಡು ದಡಗಳು. ಅವನು-ಇವನು ಬೆರಳು ತೋರಿಸುವ ಪದಗಳು, 'ಆ', 'ಈ'ಗಳ ಮಕ್ಕಳು. ಸ್ಪ್ಯಾನಿಷ್‌ನ 'ಎಲ್', ಅಂದರೆ ಅವನು, ಲ್ಯಾಟಿನ್ನಿನಲ್ಲಿ 'ಆ' ಎಂದು ತೋರಿಸುವ ಪದದಿಂದಲೇ ಬಂದದ್ದು. ಎಷ್ಟೋ ಸಾವಿರ ಮೈಲಿ ದೂರದ ಎರಡು ಭಾಷೆಗಳು ಒಂದೇ ಬೆರಳು ಚಾಚಿವೆ. ಇದನ್ನು ಮೊದಲು ತಿಳಿದಾಗ ಆದ ಖುಷಿ ಇನ್ನೂ ಇದೆ.

ಬೀದಿಯ ದೀಪ ಹತ್ತಿತು. ಹುಡುಗಿ ಮುಂದಿನ ಪಾಠ ತೆಗೆದಿದ್ದಾಳೆ. ಹಿಂದೆ ನಡೆಯುತ್ತಿದ್ದ ಸಂಗತಿ ಹೇಳುವ ರೂಪ; ಮಾಡ್ತಿದ್ದೆ, ಹೋಗ್ತಿದ್ದೆ ಅನ್ನುವಂಥದು. ತಾತ-ಅಜ್ಜಿಯ ಕಾಲದ ಬಗ್ಗೆ ಬರೆಯಬೇಕಂತೆ. ಮೊದಲ ವಾಕ್ಯ ಬರೆದಳು: ತ್ರಬಹಾಬಾ ಎನ್ ಲಾ ಫಾಬ್ರಿಕಾ. ಮಿಲ್ಲಲ್ಲಿ ಕೆಲಸ ಮಾಡ್ತಿದ್ದ. ಅಥವಾ ಮಾಡ್ತಿದ್ದಳು. ಅಥವಾ ಮಾಡ್ತಿದ್ದೆ. ಈ ರೂಪದಲ್ಲಿ 'ನಾನು'ವಿಗೂ 'ಅವನು'ವಿಗೂ ಬಾಲ ಒಂದೇ. ಹಿಂದುಮುಂದು ಗೊತ್ತಿಲ್ಲದಿದ್ದರೆ ಇಲ್ಲಿ ಸರ್ವನಾಮ ಹೇಳಬೇಕು.

ನಮ್ಮಲ್ಲೂ ಇಂಥದೊಂದು ಇದೆ, ಎಷ್ಟು ಹತ್ತಿರವಿದೆಯೆಂದರೆ ಕಾಣುವುದೇ ಇಲ್ಲ. "ಯಾವಾಗ ಬಂದೆ?" "ಈಗ ಬಂದೆ." ಮೊದಲ 'ಬಂದೆ' ನೀನು, ಎರಡನೆಯ 'ಬಂದೆ' ನಾನು. ಬರಹದಲ್ಲಿ ನಾನು ಬಂದೆನು, ನೀನು ಬಂದೆ. ಆಡುಮಾತಿನಲ್ಲಿ 'ನು' ಉದುರಿ ಎರಡೂ ಒಂದಾದವು. ಕ್ಯೂಬಾ, ಪೋರ್ಟೊರಿಕೊ, ಡೊಮಿನಿಕನ್ ರಿಪಬ್ಲಿಕ್ ಕಡೆಯ ಸ್ಪ್ಯಾನಿಷ್‌ನಲ್ಲಿ ಪದದ ಕೊನೆಯ 'ಸ್' ಹೀಗೆಯೇ ಸವೆದಿದೆ. ಆಬ್ಲಾಸ್, ಆಬ್ಲಾ ಎರಡೂ ಒಂದೇ ಕೇಳಿಸುತ್ತವೆ. ಅಲ್ಲಿಯವರು ತೂ, ಯೊ ಎಂದು ಸರ್ವನಾಮ ಹಾಕುವುದೂ ಸ್ಪೇನಿನವರಿಗಿಂತ ಹೆಚ್ಚು. ಒಂದಕ್ಕೆ ಇನ್ನೊಂದು ಕಾರಣವೇ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ನಾವಂತೂ ಎರಡು 'ಬಂದೆ'ಗಳ ನಡುವೆ ದನಿಯ ಏರಿಳಿತವೊಂದನ್ನೇ ನಂಬಿಕೊಂಡು ಚೆನ್ನಾಗಿಯೇ ಬಾಳುತ್ತಿದ್ದೇವೆ.

"ಅಜ್ಜಿ, ತಾತ ಮಿಲ್ಲಲ್ಲಿ ಏನ್ ಮಾಡ್ತಿದ್ರು? ಹೇಳು, ಬರ್ಕೋಬೇಕು."

ಅಜ್ಜಿ ಹುರುಳಿಕಾಯಿಯ ಮೊರ ತೊಡೆಯ ಮೇಲಿಟ್ಟುಕೊಂಡು ನಾರು ತೆಗೆಯತೊಡಗುತ್ತಾರೆ. ಕೇಳಿ.

"ಮಗ್ಗ ನೋಡ್ಕೋತಿದ್ರು. ಕೂಗಾಗೋದ್ರೊಳಗೆ ಗೇಟಲ್ಲಿರ್ತಿದ್ರು. ಒಂದು ವಾರ ಹಗಲು, ಒಂದು ವಾರ ರಾತ್ರಿ. ಮೈಯೆಲ್ಲ ಹತ್ತಿ ಧೂಳು ಮಾಡ್ಕೊಂಡು ಬರ್ತಿದ್ರು. ನೀರು ಕಾಯಿಸಿಟ್ಟಿರ್ತಿದ್ದೆ. ಸ್ನಾನ ಮಾಡ್ದೆ ಊಟಕ್ಕೆ ಕೂರ್ತಿರ್ಲಿಲ್ಲ. ಉಂಡು ಮಲಗಿಬಿಡ್ತಿದ್ರು. ಪಾತ್ರೆ ತೊಳೆದು ಬುತ್ತಿಗೆ ಅಣಿ ಮಾಡ್ತಿದ್ದೆ."

ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇದೆ. ಆ ಹೆಸರು ಅಜ್ಜಿಯ ಬಾಯಲ್ಲಿ ಬಂದದ್ದನ್ನು ಈ ಮನೆಯಲ್ಲಿ ಯಾರೂ ಕೇಳಿಲ್ಲ. ಗಂಡನ ಹೆಸರು ಹೇಳಬಾರದೆಂದು ಬೆಳೆದವರು. ಈಗ ಕೇಳಿದಿರಲ್ಲ, ಹೆಸರಿಲ್ಲ, 'ಅವರು' ಎಂಬುದೂ ಇಲ್ಲ. ಇದ್ದದ್ದು 'ದ್ರು' ಒಂದೇ. ಬರ್ತಿದ್ರು, ಇರ್ತಿದ್ರು, ಮಲಗಿಬಿಡ್ತಿದ್ರು. ಅದು ಬಂದಲ್ಲೆಲ್ಲ ಫೋಟೋದಲ್ಲಿರುವವರು, 'ದ್ದೆ' ಬಂದಲ್ಲೆಲ್ಲ ಅಜ್ಜಿ. ಕೂರ್ತಿರ್ಲಿಲ್ಲ ಎಂದಾಗ ಬಾಲವಿರಲಿಲ್ಲ, ಆದರೂ ಮನೆಯಲ್ಲಿ ಯಾರೂ 'ಯಾರು' ಎಂದು ಕೇಳುವುದಿಲ್ಲ. ಗಂಡ-ಹೆಂಡತಿ ಕೂಡಿ ಬಾಳಿದ್ದು ಎರಡು ಪ್ರತ್ಯಯಗಳ ನಡುವೆ ಓಡಾಡುತ್ತಿದೆ.

"ಮಿಲ್ಲು ನಿಂತ್ಮೇಲೆ?"

ನಾರು ತೆಗೆಯುವ ಕೈ ನಿಲ್ಲಲಿಲ್ಲ.

"ನಿಂತ್ಮೇಲೆ ಏನು. ಮನೇಲೇ ಕೂತ್ರು. ಬರಬೇಕಾಗಿದ್ದ ದುಡ್ಡಿಗೆ ಓಡಾಡಿದ್ರು, ಆಮೇಲೆ ಅದೂ ಬಿಟ್ರು. ಮಾತೇ ಕಡಿಮೆ ಮಾಡ್ಬಿಟ್ರು. ನಿಮ್ಮಪ್ಪ ಇನ್ನೂ ಸ್ಕೂಲು. ಮಿಷಿನ್ ತಗೊಂಡೆ, ರವಿಕೆ ಹೊಲ್ದೆ. ಹಪ್ಪಳ ಮಾಡಿ ಮನೆಮನೆಗೆ ಕೊಟ್ಟೆ." ಒಂದು ಹುರುಳಿಕಾಯಿ ಮುರಿದ ಸದ್ದು. "ಮನೆ ನಡೆಸಿದ್ದು ನಾನು."

ಇಷ್ಟು ಹೊತ್ತಿಗೆ ಅಜ್ಜಿಯ ಕಥೆಯಲ್ಲಿ ಬಂದ ಮೊದಲ 'ನಾನು' ಇದು. ಅದೂ ವಾಕ್ಯದ ಕೊನೆಯಲ್ಲಿ. 'ನಾನು ಮನೆ ನಡೆಸಿದೆ' ಎಂದಿದ್ದರೆ ಅದು ಸುದ್ದಿಯಾಗುತ್ತಿತ್ತು. 'ನಡೆಸಿದ್ದು ನಾನು' ಎಂದಾಗ ಬೇರೆ ಯಾರೂ ಅಲ್ಲ ಎಂಬುದು ಕೂಡಿಕೊಳ್ಳುತ್ತದೆ. ಐದು ಗಂಟೆಯ ಹಾಲಿಗೆ, ರಂಗೋಲಿಗೆ, ಬಿಸಿನೀರಿಗೆ, ಹಪ್ಪಳಕ್ಕೆ ಖರ್ಚು ಮಾಡದೆ ಇಟ್ಟುಕೊಂಡಿದ್ದ ಪದವನ್ನು ಅಜ್ಜಿ ಇಲ್ಲಿ ಇಳಿಸಿದರು.

ಹುಡುಗಿ ಪೆನ್ನು ಕಚ್ಚಿಕೊಂಡು ಕೂತಿದ್ದಾಳೆ. ಸ್ಪ್ಯಾನಿಷ್‌ನಲ್ಲೂ 'ನಾನು'ವನ್ನು ಹೀಗೆ ಕ್ರಿಯಾಪದದ ಆಚೆಗೆ ತಳ್ಳಬಹುದು. ಲೊ ಇಸೆ ಯೊ, ಮಾಡಿದ್ದು ನಾನು. ಅದನ್ನು ಅವಳು ಮೊನ್ನೆ ಓದಿದ್ದಾಳೆ, ಉದಾಹರಣೆ ಮಾತ್ರ ಹೊಳೆದಿರಲಿಲ್ಲ. ಈಗ ತಾತನ ವಾಕ್ಯಗಳನ್ನೆಲ್ಲ ಸರ್ವನಾಮವಿಲ್ಲದೆ ಬರೆಯುತ್ತಾ ಹೋಗುತ್ತಾಳೆ. ಮೇಲೆ 'ಮಿ ಅಬುವೆಲೊ', ನನ್ನ ತಾತ, ಎಂದು ಒಮ್ಮೆ ಹೇಳಿಯಾಗಿದೆ, ಅಷ್ಟು ಸಾಕು. ಆಮೇಲೆ ಅಜ್ಜಿ ಮಾತಾಡುವ ಭಾಗ. ಉದ್ಧರಣ ಚಿಹ್ನೆ ಹಾಕಿ, ಒಂದು ಸಲ ಹೊಡೆದುಹಾಕಿ, ಮತ್ತೆ ಬರೆದು, ಜೋರಾಗಿ ಓದುತ್ತಾಳೆ:

"ಲಾ ಕಾಸಾ ಲಾ ಯೆಬಾಬಾ ಯೊ."

ಮನೆ ನಡೆಸ್ತಿದ್ದದ್ದು ನಾನು. 'ಯೆಬಾಬಾ' ನಾನೂ ಆಗಬಹುದು, ಅವನೂ ಆಗಬಹುದು. ಕೊನೆಯ ಆ ಒಂದು ಅಕ್ಷರ ತೆಗೆದರೆ ಮನೆ ನಡೆಸಿದವರು ಫೋಟೋದಲ್ಲಿರುವವರಾಗಿಬಿಡುತ್ತಾರೆ.

ಅಜ್ಜಿ ಮೊರದಿಂದ ತಲೆಯೆತ್ತಿದರು.

"ಅಷ್ಟುದ್ದ ಓದಿ ಕೊನೇಲಿ ಯೋ ಅಂದ್ಯಲ್ಲ. ಯಾರನ್ನೇ ಕರೆದಿದ್ದು?"

"ನಿನ್ನೇ ಅಜ್ಜಿ."